ಹೊಸ ಔಷಧದ ಭರವಸೆ, ಹಳೆಯ ಗುಳಿಗೆಯ ಅಗತ್ಯ

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವುದುಂಟು. ಇದರಿಂದ ಗ್ರಂಥಿ ಸೊರಗಿ ಹಾರ್ಮೋನು ಕುಂದಿದರೆ ಅದು ಹಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ಇದನ್ನು ಮೊದಲು ವಿವರಿಸಿದರು. ಗ್ರಂಥಿ ಕೆರಳಿ ಹಾರ್ಮೋನು ಮಿತಿಮೀರಿದರೆ ಅದು ಗ್ರೇವ್ಸ್ ಕಾಯಿಲೆ. ಎರಡೂ ಪುರುಷರಿಗಿಂತ ಸ್ತ್ರೀಯರನ್ನೇ ಹೆಚ್ಚಾಗಿ ಕಾಡುತ್ತವೆ.

ಇದುವರೆಗಿನ ಚಿಕಿತ್ಸೆಯು ಬಹುಮಟ್ಟಿಗೆ ಹಾರ್ಮೋನಿನ ಏರುಪೇರನ್ನು ಸರಿಪಡಿಸುವುದೇ ಹೊರತು ಮೂಲದ ದೋಷವನ್ನಲ್ಲ. ಈಗ ಆ ಮೂಲವನ್ನೇ ಗುರಿಯಾಗಿಸುವ ಔಷಧಗಳು ಬರುತ್ತಿವೆ. ಥೈರಾಯ್ಡ್ ಸಂಬಂಧಿ ಕಣ್ಣಿನ ಬೇನೆಗೆ, ರಕ್ತನಾಳದ ಮೂಲಕ ನೀಡುವ ಟೆಪ್ರೊಟುಮುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕ 2020ರಲ್ಲಿ ಅನುಮತಿ ನೀಡಿತು. ಗ್ರೇವ್ಸ್ ಕಾಯಿಲೆಯನ್ನು ಉಂಟುಮಾಡುವ ಪ್ರತಿಕಾಯಗಳನ್ನು ತಗ್ಗಿಸುವ ಔಷಧಗಳ ಪ್ರಯೋಗವೂ ನಡೆದಿದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಟೆಪ್ರೊಟುಮುಮ್ಯಾಬ್ ಬಲು ದುಬಾರಿ; ಅದರಿಂದ ಕಿವಿ ಮಂದವಾಗುವ, ರಕ್ತದ ಸಕ್ಕರೆ ಏರುವ ಅಪಾಯವೂ ಇದೆ. ಹಶಿಮೊಟೊ ಕಾಯಿಲೆಯಲ್ಲಿ ಹಾರ್ಮೋನು ಕುಂದಿದವರಿಗೆ ಇಂದಿಗೂ ಆಧಾರ ಲಿವೊಥೈರಾಕ್ಸಿನ್ ಎಂಬ ಅಗ್ಗದ ಗುಳಿಗೆಯೇ.

ನಮ್ಮ ಸೀಮೆಯ ಕೊರತೆ ಹೊಸ ಔಷಧದ್ದಲ್ಲ, ಸಕಾಲದ ಪರೀಕ್ಷೆಯದು. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವ, ಸಂಡೂರಿನಲ್ಲಿ ಕಸೂತಿ ಹಾಕುವ, ಹಂಪಿಯಲ್ಲಿ ಹೂ ಹಣ್ಣು ಮಾರುವ ತಾಯಿಗೆ ದಣಿವು, ಮೈಭಾರ, ಮುಟ್ಟಿನ ಏರುಪೇರು ಕಂಡರೆ 'ದುಡಿಮೆ ಹೆಚ್ಚಾಯಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ಪರೀಕ್ಷೆಗೆಂದು ಹೊಸಪೇಟೆಗೆ ಹೋದರೆ ಆ ದಿನದ ಕೂಲಿ ತಪ್ಪುತ್ತದೆಂದು ಆಕೆಯೂ ಮುಂದೂಡುತ್ತಾಳೆ. ಗುಳಿಗೆ ಆರಂಭಿಸಿದವರೂ ಮೈ ಹಗುರಾದೊಡನೆ ತಾವಾಗಿ ನಿಲ್ಲಿಸಿಬಿಡುತ್ತಾರೆ. ಗರ್ಭಿಣಿಯ ವಿಷಯದಲ್ಲಂತೂ ಈ ಅಲಕ್ಷ್ಯವು ಶಿಶುವಿನ ಮೆದುಳಿನ ಬೆಳವಣಿಗೆಗೇ ಕುತ್ತು ತರಬಲ್ಲದು.

ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯ ಬಳಿಕವೇ ಚಹಾ, ಉಪಾಹಾರ ತೆಗೆದುಕೊಳ್ಳಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗಳಿಗೆ 4 ಗಂಟೆಗಳ ಅಂತರವಿರಲಿ. ಪ್ರಮಾಣವನ್ನು ಹೆಚ್ಚಿಸುವುದೂ ತಗ್ಗಿಸುವುದೂ ವೈದ್ಯರ ಕೆಲಸ. ಹೊಸ ಔಷಧದ ಸುದ್ದಿ ಓದಿ ಹಳೆಯದನ್ನು ಬಿಡುವುದು ಸರ್ವಥಾ ಸಲ್ಲದು.

ಜಾತ್ರೆ, ಉತ್ಸವಗಳ ಸಂದರ್ಭದಲ್ಲಿ ನಾವು ಆರೋಗ್ಯ ಶಿಬಿರಗಳನ್ನು ಏರ್ಪಡಿಸಿ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುತ್ತೇವೆ. ರೋಗಲಕ್ಷಣವುಳ್ಳ ಸ್ತ್ರೀಯರಿಗೂ ಗರ್ಭಿಣಿಯರಿಗೂ ವೈದ್ಯರ ಸಲಹೆಯಂತೆ ಟಿ.ಎಸ್.ಎಚ್. ರಕ್ತಪರೀಕ್ಷೆಯನ್ನು ಅಲ್ಲಿಯೇ ಮಾಡಿಸುವಂತಾಗಲಿ. ನಾಳೆಯ ಔಷಧ ಬರುವಾಗ ಬರಲಿ. ಇಂದು ಕೈಗೆಟಕುವ ಗುಳಿಗೆಯಾದರೂ ಆ ತಾಯಂದಿರಿಗೆ ತಪ್ಪದಿರಲಿ.