ಬಲಕ್ಕೆ ಮಾರ್ಕ್ಸು, ಬಿರುಕಿಗೆ?

ಬೇಸಿಗೆಯಲ್ಲಿ ಗದಗ, ವಿಜಯಪುರ ಕಡೆಯ ಎರೆಹೊಲ ನೋಡಿದವರಿಗೆ ಬಿರುಕು ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ, ಬಾಯಿ ಬಿಡುತ್ತದೆ. ಇಂಥ ಮಣ್ಣಿಗೆ ಸುಣ್ಣ, ಜಲ್ಲಿಗೆ ಸಿಮೆಂಟ್ ಬೆರೆಸಿ ರಸ್ತೆಯ ತಳ ಗಟ್ಟಿ ಮಾಡುವುದನ್ನು ನಾವು ಹೈವೇ ಕ್ಲಾಸಿನಲ್ಲಿ ಓದುತ್ತೇವೆ. ಆದರೆ ಸಿಮೆಂಟ್ ಬೆರೆಸಿದ ತಳವೂ ಕುಗ್ಗುತ್ತದೆ, ಬಿರುಕು ಬಿಡುತ್ತದೆ ಅನ್ನೋದು ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಕಾಣೋದೇ ಅಪರೂಪ.

ನಮ್ಮ ರಿಪೋರ್ಟು ಹೇಗಿರುತ್ತೆ? ಸಿಮೆಂಟ್ ಶೇ. 3, 5, 7. ಏಳು ದಿನ ಕ್ಯೂರಿಂಗ್. ಯುಸಿಎಸ್ ಟೆಸ್ಟ್. ಗ್ರಾಫ್ ಮೇಲೆ ಹೋಯ್ತು, 'ಶೇ. 7 ಉತ್ತಮ' ಅಂತ ತೀರ್ಮಾನ. ವೈವಾ ಮುಗೀತು.

ಲ್ಯಾಬಿನ ಸ್ಯಾಂಪಲ್ ತನ್ನಷ್ಟಕ್ಕೆ ತಾನು ಕುಗ್ಗಬಹುದು. ರಸ್ತೆಗೆ ಆ ಸ್ವಾತಂತ್ರ್ಯ ಇಲ್ಲ. ಒಂದಷ್ಟು ನೀರು ಆರಿಹೋಗುತ್ತದೆ, ಒಂದಷ್ಟನ್ನು ಸಿಮೆಂಟೇ ಕುಡಿಯುತ್ತದೆ. ತಳ ಕುಗ್ಗಲು ಹೊರಟರೆ ಕೆಳಗಿನ ಪದರದ ಘರ್ಷಣೆ ಬಿಡುವುದಿಲ್ಲ. ಒಳಗೆ ಟೆನ್ಷನ್ ಹುಟ್ಟುತ್ತದೆ, ತಾಳಲಾಗದ ಕಡೆ ಅಡ್ಡಕ್ಕೆ ಸೀಳುತ್ತದೆ. ಸಿಮೆಂಟ್ ಅತಿಯಾದರೆ ಬಿರುಕುಗಳು ದೂರದೂರಕ್ಕೆ ಬಿದ್ದರೂ ಅಗಲವಾಗಿರುತ್ತವೆ. ಕೂದಲೆಳೆಯಂಥ ಬಿರುಕಾದರೆ ಎರಡೂ ಅಂಚಿನ ಜಲ್ಲಿ ಒಂದನ್ನೊಂದು ಕಚ್ಚಿ ಹಿಡಿದು ಭಾರ ದಾಟಿಸುತ್ತದೆ. ಅಗಲವಾದರೆ ಆ ಹಿಡಿತ ತಪ್ಪುತ್ತದೆ, ಬಿರುಕು ಮೇಲಿನ ಡಾಂಬರಿಗೂ ಏರುತ್ತದೆ. ಮಳೆನೀರು ಇಳಿಯುತ್ತದೆ, ಲಾರಿ ಓಡಾಡಿದಂತೆ ಕೆಸರು ಉಕ್ಕುತ್ತದೆ. ಆಮೇಲೆ ಗುಂಡಿ.

ದಾರಿ ಇಲ್ಲ ಅಂತೇನಿಲ್ಲ. ಐಆರ್‌ಸಿ 37ರ 2018ರ ಆವೃತ್ತಿ ಸಿಮೆಂಟ್ ತಳಕ್ಕೂ ಡಾಂಬರಿಗೂ ನಡುವೆ 100 ಮಿ.ಮೀ. ಜಲ್ಲಿ ಪದರವನ್ನು ಸೂಚಿಸುತ್ತದೆ. ಬಿರುಕು ಅಲ್ಲೇ ನಿಲ್ಲಲಿ ಅಂತ. ಅಮೆರಿಕದ ಟೆಕ್ಸಸ್‌ನಲ್ಲಿ ತಳ ಹಾಸಿದ ಒಂದರಿಂದ ಮೂರು ದಿನದೊಳಗೆ ವೈಬ್ರೇಟರಿ ರೋಲರ್ ಓಡಿಸಿ ಬೇಕಂತಲೇ ಸಣ್ಣ ಬಿರುಕು ಮಾಡುವ ಪದ್ಧತಿ ಇದೆ. ದೊಡ್ಡದು ಬೀಳದಿರಲಿ ಅಂತ.

'ಸಿಮೆಂಟ್ ಕಮ್ಮಿ ಮಾಡಿದ್ರೆ ಬಲ ಎಲ್ಲಿಂದ ಬರುತ್ತೆ?' ಅಂತ ನೀವು ಕೇಳಬಹುದು. ನಿಜ, ಬಲ ಬೇಕು. ಡಿಸೈನ್ ಕೇಳಿದಷ್ಟು ಬೇಕು. ಅದಕ್ಕಿಂತ ಹೆಚ್ಚಿನದ್ದನ್ನು ಸಾಧನೆ ಅಂದುಕೊಳ್ಳುವುದಕ್ಕೆ ನಮ್ಮ ತಕರಾರು.

ನಮ್ಮ ಬೇಡಿಕೆ ಸಣ್ಣದು. ಮುಂದಿನ ಪ್ರಾಜೆಕ್ಟಿನಲ್ಲಿ ಪ್ರತಿ ಮಿಶ್ರಣಕ್ಕೂ ಒಂದು ಬೀಮ್ ಹೆಚ್ಚಿಗೆ ಹಾಕೋಣ. ಡಯಲ್ ಗೇಜ್ ಲ್ಯಾಬಿನಲ್ಲೇ ಇದೆ. 28 ದಿನ ಉದ್ದ ಅಳೆಯೋಣ. ಬಲದ ಗ್ರಾಫ್ ಪಕ್ಕದಲ್ಲಿ ಕುಗ್ಗುವಿಕೆಯ ಗ್ರಾಫ್ ಇಟ್ಟು, ಆಮೇಲೆ ಶೇಕಡಾ ಎಷ್ಟು ಅಂತ ಬರೆಯೋಣ. ನಾಳೆ ಸೈಟಿನಲ್ಲಿ ಸಹಿ ಹಾಕಬೇಕಾದವರು ನಾವೇ ತಾನೆ.