ದಫ್ತರವಲ್ಲದ ರಿಜಿಸ್ಟರ್

ರಿಜಿಸ್ಟರ್ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಸೀಮೆಯವರ ಕಣ್ಣ ಮುಂದೆ ನಿಲ್ಲುವುದು ದಪ್ಪ ರಟ್ಟಿನ ಒಂದು ಪುಸ್ತಕ. ಶಾಲೆಯ ಹಾಜರಿ ಪುಸ್ತಕ, ಗ್ರಾಮಪಂಚಾಯತಿಯ ಜನನ-ಮರಣ ನೋಂದಣಿ, ತಲಾಠಿಯವರ ಬಳಿ ಇರುವ ಫೇರಫಾರ ಪುಸ್ತಕ ಇವೆಲ್ಲವೂ ರಿಜಿಸ್ಟರುಗಳೇ. ಒಮ್ಮೆ ಬರೆದುದು ಅಳಿಯಬಾರದು, ಮೂವತ್ತು ವರ್ಷಗಳ ನಂತರ ಕೇಳಿದರೂ ಸಿಗಬೇಕು ಎಂಬುದೇ ಅವುಗಳ ಧರ್ಮ. ವಕೀಲಿ ವೃತ್ತಿಯು ಇಂಥ ಪುಸ್ತಕಗಳ ಆಧಾರದ ಮೇಲೆಯೇ ನಡೆಯುತ್ತದೆ. ಆದರೆ ಗಣಕಯಂತ್ರದ ಪ್ರೊಸೆಸರಿನಲ್ಲಿಯೂ ರಿಜಿಸ್ಟರ್ ಎಂಬ ಹೆಸರಿನ ಒಂದು ಅಂಗವಿದೆ. ಅದರ ಧರ್ಮ ಇದಕ್ಕೆ ಪೂರ್ಣ ವಿರುದ್ಧವಾದುದು. ಅಲ್ಲಿ ಬರೆದುದು ಸೆಕೆಂಡಿನ ಕೋಟ್ಯಂಶದಷ್ಟು ಹೊತ್ತು ಉಳಿದು, ಮತ್ತೊಂದಕ್ಕೆ ಸ್ಥಳ ಬಿಟ್ಟುಕೊಡಬಹುದು.

ಈ ಸಂಗತಿ ಪಾಲಕರಿಗೆ ಏಕೆ ಬೇಕು ಎಂದು ಕೇಳಬಹುದು. ಮೊಬೈಲ್ ಅಂಗಡಿಯವನು '128 ಜಿಬಿ ಮೆಮರಿ' ಎನ್ನುತ್ತಾನೆ. ಶಾಲೆಯಲ್ಲಿ ಮಗು 'ಸ್ಮೃತಿಯಲ್ಲಿ ಎರಡು ವಿಧ' ಎಂದು ಬಾಯಿಪಾಠ ಮಾಡುತ್ತದೆ. ಒಂದೇ ಮಾತಿನ ಕೆಳಗೆ ಬೇರೆ ಬೇರೆ ವಸ್ತುಗಳು ಕೂಡಿಕೊಂಡಿರುವುದರಿಂದ ಕೊಳ್ಳುವವರಿಗೂ ಕಲಿಯುವವರಿಗೂ ಗೊಂದಲವಾಗುತ್ತದೆ. ಹತ್ತನೆಯ ಇಯತ್ತೆಯ ನಂತರ ನಮ್ಮ ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ತರಗತಿಗಳಿಗೆ ಹೋಗಲೇಬೇಕಾಗುತ್ತದೆ. ಅಲ್ಲಿ ಹೊಸ ಭಾಷೆಯನ್ನೂ ಹೊಸ ವಿಷಯವನ್ನೂ ಒಮ್ಮೆಗೇ ಹೊರುವುದಕ್ಕಿಂತ, ವಿಷಯವನ್ನು ಕನ್ನಡದಲ್ಲಿಯೇ ತಿಳಿದುಕೊಂಡು ಹೋದ ಮಗುವಿನ ಹೊರೆ ಅರ್ಧ ಇಳಿಯುತ್ತದೆ.

ಲೆಕ್ಕ ಹಾಕಿ ನೋಡುವುದಕ್ಕೆ ಸುಲಭವಾದ ಒಂದು ಚಿಕ್ಕ ಯಂತ್ರವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದ ವಿದ್ವಾಂಸರು ಎನ್‌ಕೋರ್ ಎಂಬ ಸಂಸ್ಥೆಯವರೊಡನೆ ಕೂಡಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ರೂಪಿಸಿದರು. ಅದರ ಮೊದಲ ಮಾದರಿ 2001ರಲ್ಲಿ ಹೊರಬಂತು. ಅದು ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆಗಳಲ್ಲಿ ನಡೆಯಬೇಕು ಎಂಬುದು ಅವರ ಸಂಕಲ್ಪವಾಗಿತ್ತು. ಕರ್ನಾಟಕ ಸರಕಾರವು ಭೂದಾಖಲೆಗಳ ಕೆಲಸಕ್ಕೂ ಅದನ್ನು ಬಳಸಿತು. ಅದರೊಳಗಿದ್ದುದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಂಬ ಪ್ರೊಸೆಸರು. ಅದರ ಗಡಿಯಾರವು ಸೆಕೆಂಡಿಗೆ 20 ಕೋಟಿ 60 ಲಕ್ಷ ಸಲ ಮಿಡಿಯುತ್ತಿತ್ತು.

ಆ ಪ್ರೊಸೆಸರಿನ ಕಾರ್ಯಕ್ರಮಗಳು ಒಂದು ವೇಳೆಗೆ ಹೆಸರಿಸಬಲ್ಲ ರಿಜಿಸ್ಟರುಗಳು ಹದಿನಾರು, ಆರ್-ಸೊನ್ನೆಯಿಂದ ಆರ್-ಹದಿನೈದರವರೆಗೆ. ಒಂದೊಂದರಲ್ಲಿ 32 ಬಿಟ್, ಅಂದರೆ ನಾಲ್ಕು ಬೈಟ್ ಹಿಡಿಯುತ್ತದೆ. ಹದಿನಾರನ್ನೂ ಕೂಡಿಸಿದರೆ 64 ಬೈಟ್ ಮಾತ್ರ. ಅದೇ ಯಂತ್ರದಲ್ಲಿ ಮಾದರಿಗೆ ತಕ್ಕಂತೆ 32 ಇಲ್ಲವೆ 64 ಎಂಬಿ ರ್‍ಯಾಮ್ ಇರುತ್ತಿತ್ತು. 64 ಎಂಬಿ ಎಂದರೆ ಆ ಎಲ್ಲ ರಿಜಿಸ್ಟರುಗಳ ಹತ್ತು ಲಕ್ಷಕ್ಕೂ ಮಿಕ್ಕಿದ ಪಾಲು. ಇಷ್ಟು ದೊಡ್ಡ ಉಗ್ರಾಣವಿರುವಾಗ ಈ ಹದಿನಾರು ಪುಟ್ಟ ಖಾನೆಗಳಿಂದ ಏನು ಪ್ರಯೋಜನ?

ಉತ್ತರಕ್ಕಾಗಿ ನಮ್ಮದೇ ಊರಿನ ಹೆಸರನ್ನು ನೋಡೋಣ. ಸಲಗರ ಬುದ್ರುಕದ ಫಲಕದ ಮೇಲಿನ 'ಸಲಗರ' ಎಂಬ ನಾಲ್ಕು ಅಕ್ಷರಗಳನ್ನು ದೇವನಾಗರಿಯಿಂದ ಕನ್ನಡ ಲಿಪಿಗೆ ತರುವ ಕೆಲಸವನ್ನು ಯಂತ್ರಕ್ಕೆ ಕೊಟ್ಟಿದ್ದೇವೆ ಎಂದುಕೊಳ್ಳಿರಿ. ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಗೊತ್ತುಪಡಿಸಿರುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ದೇವನಾಗರಿಯ ಸ, ಲ, ಗ, ರ ಅಕ್ಷರಗಳಿಗೆ 2360, 2354, 2327, 2352 ಎಂಬ ಸಂಖ್ಯೆಗಳಿವೆ. ಕನ್ನಡದ ಅವೇ ಅಕ್ಷರಗಳಿಗೆ 3256, 3250, 3223, 3248. ಕಳೆದು ನೋಡಿದರೆ ನಾಲ್ಕರಲ್ಲಿಯೂ ವ್ಯತ್ಯಾಸ ಒಂದೇ, 896. ಎರಡೂ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ ಆಗಿರುವುದರಿಂದ ಅವುಗಳನ್ನು ಸಮಾನಾಂತರವಾಗಿ ಜೋಡಿಸಿಟ್ಟಿದ್ದಾರೆ. ಹ್ರಸ್ವ-ದೀರ್ಘ ಎ, ಏ ಮುಂತಾದ ಕೆಲವೆಡೆ ಎಚ್ಚರ ಬೇಕಾದರೂ ವ್ಯಂಜನಗಳಲ್ಲಿ ಬಹುತೇಕ ಈ ಲೆಕ್ಕ ತಪ್ಪದು.

ಈಗ ಪ್ರೊಸೆಸರು ಮಾಡಬೇಕಾದುದು ಒಂದು ಸಂಕಲನ ಮಾತ್ರ. ಆದರೆ ಸಿಂಪ್ಯೂಟರಿನ ಬಗೆಯ ಪ್ರೊಸೆಸರಿಗೆ ರ್‍ಯಾಮಿನಲ್ಲಿರುವ ಸಂಖ್ಯೆಯನ್ನು ಅಲ್ಲಿಯೇ ಕೂಡಿಸಲು ಬಾರದು. ಮೊದಲು 896 ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುತ್ತದೆ. ನಂತರ ರ್‍ಯಾಮಿನಿಂದ 2360ನ್ನು ಇನ್ನೊಂದು ರಿಜಿಸ್ಟರಿಗೆ ತರುತ್ತದೆ. ಎರಡನ್ನೂ ಕೂಡಿಸಿ, ಬಂದ 3256ನ್ನು ಮೂರನೆಯದರಲ್ಲಿ ಇಡುತ್ತದೆ. ಕೊನೆಗೆ ಅದನ್ನು ರ್‍ಯಾಮಿಗೆ ಮರಳಿಸುತ್ತದೆ. 896 ಅಲ್ಲಿಯೇ ಇದೆ. ಆದ್ದರಿಂದ ಉಳಿದ ಮೂರು ಅಕ್ಷರಗಳಿಗೆ ತರುವುದು, ಕೂಡಿಸುವುದು, ಇಡುವುದು ಇಷ್ಟೇ. ನಾವು ತೆರೆಯ ಮೇಲೆ ಕಾಣುವ ಚಿತ್ರ, ಕೇಳುವ ಹಾಡು, ಬ್ಯಾಂಕಿನ ಬಡ್ಡಿಯ ಲೆಕ್ಕ ಎಲ್ಲಕ್ಕೂ ಬೇಕಾದ ಗಣಿತವು ಹೀಗೆ ರಿಜಿಸ್ಟರುಗಳ ನಡುವೆಯೇ ನಡೆಯುತ್ತದೆ.

ಆದ್ದರಿಂದ ರಿಜಿಸ್ಟರನ್ನು ದಫ್ತರ ಎನ್ನುವುದಕ್ಕಿಂತ ಕೈ ಎನ್ನುವುದು ಯೋಗ್ಯ. ವಕೀಲನು ವಾದಿಸುವಾಗ ಅವನ ಕೈಯಲ್ಲಿರುವುದು ಒಂದೆರಡು ಕಾಗದ. ಮೇಜಿನ ಮೇಲೆ ಆ ದಿನದ ಪ್ರಕರಣದ ಕಡತ, ಕಪಾಟಿನಲ್ಲಿ ಆ ವರ್ಷದ ಕಡತಗಳು, ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಹಳೆಯದೆಲ್ಲ. ಕೈ ರಿಜಿಸ್ಟರಾದರೆ, ಮೇಜು ಕ್ಯಾಶ್ ಎಂಬ ಪ್ರೊಸೆಸರಿನೊಳಗಿನ ಚಿಕ್ಕ ಸ್ಮೃತಿ, ಕಪಾಟು ರ್‍ಯಾಮ್, ದಾಖಲೆ ಕೋಣೆ ಹಾರ್ಡ್ ಡಿಸ್ಕು ಇಲ್ಲವೆ ಫೋನಿನ ಕಾಯಂ ಸಂಗ್ರಹ. ಒಂದು ಮಾತು ಮಾತ್ರ ಈ ಹೋಲಿಕೆಗೆ ಒಗ್ಗದು. ಕಾಗದವನ್ನು ಕೈಗೆತ್ತಿಕೊಂಡರೆ ಕಪಾಟು ಬರಿದಾಗುತ್ತದೆ. ಇಲ್ಲಿ ರಿಜಿಸ್ಟರಿಗೆ ಬರುವುದು ನಕಲು. ಮೂಲವು ರ್‍ಯಾಮಿನಲ್ಲಿಯೇ ಇರುತ್ತದೆ. ರಿಜಿಸ್ಟರಿನಲ್ಲಿ ಬದಲಾದುದನ್ನು ಹಿಂದಕ್ಕೆ ಬರೆಯದಿದ್ದರೆ ರ್‍ಯಾಮಿಗೆ ಆ ಬದಲಾವಣೆಯ ಸುದ್ದಿಯೇ ಇರುವುದಿಲ್ಲ.

ಇಷ್ಟು ಉಪಯುಕ್ತವಾದ ಖಾನೆಗಳನ್ನು ಹದಿನಾರರ ಬದಲು ಹದಿನಾರು ಸಾವಿರ ಮಾಡಬಾರದಿತ್ತೇ? ಇದಕ್ಕೆ ಕಾರಣ ಹೆಸರಿನಲ್ಲಿದೆ. ರ್‍ಯಾಮಿನ ಪ್ರತಿಯೊಂದು ಬೈಟಿಗೂ ಉದ್ದನೆಯ ವಿಳಾಸ ಬೇಕು, ಈ ಯಂತ್ರದಲ್ಲಿ 32 ಬಿಟ್. ಹದಿನಾರು ರಿಜಿಸ್ಟರುಗಳಲ್ಲಿ ಒಂದನ್ನು ಹೆಸರಿಸಲು ನಾಲ್ಕೇ ಬಿಟ್ ಸಾಕು. 'ಇದನ್ನೂ ಅದನ್ನೂ ಕೂಡಿಸಿ ಅಲ್ಲಿಡು' ಎಂಬ ಆದೇಶದಲ್ಲಿ ಮೂರು ಹೆಸರುಗಳಿರಬೇಕು. ಅವಕ್ಕೆ ಹನ್ನೆರಡು ಬಿಟ್. ಇಡೀ ಆದೇಶದ ಉದ್ದವೇ 32 ಬಿಟ್ ಆದುದರಿಂದ ಉಳಿದ ಇಪ್ಪತ್ತರಲ್ಲಿ ಮಾಡಬೇಕಾದ ಕೆಲಸವನ್ನು ಹೇಳಬಹುದು. ಖಾನೆಗಳು ಹೆಚ್ಚಾದಷ್ಟೂ ಹೆಸರುಗಳು ಉದ್ದವಾಗುತ್ತವೆ, ತಂತಿಗಳು ಹೆಚ್ಚುತ್ತವೆ, ಹುಡುಕುವ ಹೊತ್ತೂ ಬೆಳೆಯುತ್ತದೆ. ಕಟ್ಟಡದ ರೀತಿಯೂ ಬೇರೆ. ರ್‍ಯಾಮಿನಲ್ಲಿ ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ವಿದ್ಯುದಂಶ ಹಿಡಿದಿಡುವ ಒಂದು ಕೆಪಾಸಿಟರು ಸಾಕು. ಆದರೆ ಅದು ಸೋರುವ ಕೊಡ. ಸೆಕೆಂಡಿಗೆ ಹಲವು ಸಲ ಮರಳಿ ತುಂಬುತ್ತಲೇ ಇರಬೇಕು. ರಿಜಿಸ್ಟರಿನ ಒಂದು ಬಿಟ್ಟಿಗೆ ಆರು ಅಥವಾ ಅದಕ್ಕೂ ಹೆಚ್ಚು ಟ್ರಾನ್ಸಿಸ್ಟರು ಬೇಕು. ಅದು ಸೋರದು, ಕೂಡಲೇ ಉತ್ತರ ಕೊಡುತ್ತದೆ. ಆದರೆ ಹೆಚ್ಚು ಜಾಗ ತಿನ್ನುತ್ತದೆ.

ಕಾಲದ ಅಂತರವನ್ನು ನಮ್ಮ ಅಳತೆಗೆ ತಂದು ನೋಡೋಣ. ಆ ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿದರೆ, ಕೈಯಲ್ಲಿರುವ ರಿಜಿಸ್ಟರಿನ ಸಂಖ್ಯೆ ಆ ಸೆಕೆಂಡಿನಲ್ಲಿಯೇ ದೊರೆಯುತ್ತದೆ. ರ್‍ಯಾಮಿನಿಂದ ತರಲು ಹತ್ತಾರು ಸೆಕೆಂಡು ಕಾಯಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಹತ್ತು ಮಿಲಿಸೆಕೆಂಡು ಹಿಡಿಯಿತೆಂದರೆ, ಈ ಹಿಗ್ಗಿಸಿದ ಲೆಕ್ಕದಲ್ಲಿ ಅದು ಸುಮಾರು 24 ದಿನ!

ಹದಿನಾರರಲ್ಲಿ ಕೆಲವಕ್ಕೆ ವಿಶೇಷ ಹೊಣೆಯುಂಟು. ಆರ್-ಹದಿನೈದು ಓದುವವನ ಬೆರಳಿನಂತೆ. ಆದೇಶಗಳ ಸಾಲಿನಲ್ಲಿ ಎಲ್ಲಿಗೆ ಬಂದಿದ್ದೇವೆ ಎಂಬುದನ್ನು ತೋರಿಸುತ್ತದೆ. ಆರ್-ಹದಿನಾಲ್ಕು ಉಪಕಾರ್ಯಕ್ಕೆ ಹೊರಟಾಗ ಮರಳಿ ಬರಬೇಕಾದ ಸ್ಥಳವನ್ನು ನೆನಪಿಡುತ್ತದೆ. ಇವುಗಳ ಹೊರತಾಗಿ ಸ್ಥಿತಿ ರಿಜಿಸ್ಟರ್ ಎಂಬುದೊಂದಿದೆ. ವಿದ್ಯಾರ್ಥಿಯ ಗುಣಗಳಿಂದ 35ನ್ನು ಕಳೆದಾಗ ಬಂದುದು ಸೊನ್ನೆಯೇ, ಋಣ ಸಂಖ್ಯೆಯೇ ಎಂಬುದನ್ನು ಅದರ ಒಂದೊಂದು ಬಿಟ್ ಹೇಳುತ್ತದೆ. ಅದನ್ನು ನೋಡಿ ಪ್ರೊಸೆಸರು ಉತ್ತೀರ್ಣ, ಅನುತ್ತೀರ್ಣ ಎಂಬ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ.

ಇಂದಿನ ಫೋನುಗಳಲ್ಲಿರುವ 64-ಬಿಟ್ ಆರ್ಮ್ ಪ್ರೊಸೆಸರಿನಲ್ಲಿ ಸಾಮಾನ್ಯ ಉಪಯೋಗದ ರಿಜಿಸ್ಟರುಗಳು 31. ಸಿಂಪ್ಯೂಟರಿನ 64 ಎಂಬಿ ಎಲ್ಲಿ, ಇಂದಿನ ನಾಲ್ಕು, ಆರು ಜಿಬಿ ಎಲ್ಲಿ! ರ್‍ಯಾಮ್ ಇಷ್ಟು ಬೆಳೆದರೂ ಕೈಗಳ ಸಂಖ್ಯೆ ದುಪ್ಪಟ್ಟೂ ಆಗಿಲ್ಲ. ಅಗಲ ಮಾತ್ರ 32ರಿಂದ 64 ಬಿಟ್ಟಿಗೆ ಬಂದಿತು. '64-ಬಿಟ್' ಎಂಬ ಜಾಹೀರಾತಿನ ಮಾತಿಗೆ ಮುಖ್ಯವಾಗಿ ಇದೇ ಅರ್ಥ. 32 ಬಿಟ್ಟಿನ ವಿಳಾಸದಿಂದ ಗುರುತಿಸಬಹುದಾದುದು ನಾಲ್ಕು ಜಿಬಿ ಸ್ಮೃತಿ ಮಾತ್ರ. ಅದರಾಚೆ ಹೋಗಲು ಅಗಲವಾದ ರಿಜಿಸ್ಟರು ಅನುಕೂಲವಾಯಿತು.

ನ್ಯಾಯದ ದೃಷ್ಟಿಯಿಂದ ಒಂದು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಲು ಬೇಕಾದ ಷರತ್ತುಗಳನ್ನು ಹೇಳುತ್ತದೆ. ಕಾಗದದ ಮೇಲೆ ಮುದ್ರಿತವಾದುದು, ಕಾಂತೀಯ ಮಾಧ್ಯಮದಲ್ಲಿರುವುದು, ಅರೆವಾಹಕ ಸ್ಮೃತಿಯಲ್ಲಿರುವುದು ಎಂದು ಅಲ್ಲಿ ಎಣಿಸಲಾಗಿದೆ. ಸಂಗ್ರಹದಲ್ಲಿ ಉಳಿದುದನ್ನೇ ನಾವು ನ್ಯಾಯಾಲಯದ ಮುಂದೆ ಇಡಬಲ್ಲೆವು. ಪ್ರೊಸೆಸರಿನ ರಿಜಿಸ್ಟರಿನಲ್ಲಿ ಕ್ಷಣಕಾಲ ಇದ್ದು ಹೋದ ಸಂಖ್ಯೆಯನ್ನು ನಂತರ ಯಾರೂ ತೆಗೆದು ತೋರಿಸಲಾರರು. ಕಚೇರಿಯ ರಿಜಿಸ್ಟರು ಸಾಕ್ಷಿಯಾಗುವುದಕ್ಕೆಂದೇ ಇರುತ್ತದೆ, ಪ್ರೊಸೆಸರಿನದು ಕೆಲಸ ಮಾಡುವುದಕ್ಕೆಂದು.

ಪಾಲಕರು ನೆನಪಿಡಬೇಕಾದುದು ಎರಡು. ಅಂಗಡಿಯಲ್ಲಿ 'ಮೆಮರಿ ಎಷ್ಟು' ಎಂದು ಕೇಳದೆ, 'ರ್‍ಯಾಮ್ ಎಷ್ಟು, ಸಂಗ್ರಹ ಎಷ್ಟು' ಎಂದು ಬೇರೆ ಬೇರೆಯಾಗಿ ಕೇಳಿರಿ; 128 ಜಿಬಿ ಎಂದು ಹೇಳುವುದು ಸಾಮಾನ್ಯವಾಗಿ ಎರಡನೆಯದನ್ನು. ವಿದ್ಯುತ್ತು ಹೋದೊಡನೆ ರಿಜಿಸ್ಟರು, ಕ್ಯಾಶ್, ರ್‍ಯಾಮ್ ಮೂರೂ ಬರಿದಾಗುತ್ತವೆ. ಸಂಗ್ರಹಕ್ಕೆ ಹೋದುದು ಮಾತ್ರ ಉಳಿಯುತ್ತದೆ. ಶಾಲೆಯ ಗಣಕದಲ್ಲಿ ಮಗು ಒಂದು ಪುಟ ಬರೆದರೆ ನಡುನಡುವೆ ಸೇವ್ ಮಾಡುವ ಅಭ್ಯಾಸ ಇರಲಿ.

ಮಕ್ಕಳಿಗೆ ಈ ವಾರದ ಅಭ್ಯಾಸ: ದೇವನಾಗರಿಯಲ್ಲಿ ಅ 2309, ಕ 2325, ಟ 2335. ಕನ್ನಡದ ಅ, ಕ, ಟ ಅಕ್ಷರಗಳ ಸಂಖ್ಯೆಗಳನ್ನು ಕಂಡುಹಿಡಿಯಿರಿ. ಮೂರು ಅಕ್ಷರಗಳಿಗೆ ಪ್ರೊಸೆಸರು ರ್‍ಯಾಮಿಗೆ ಎಷ್ಟು ಸಲ ಹೋಗಿಬರಬೇಕು, 896ನ್ನು ಎಷ್ಟು ಸಲ ತರಬೇಕು ಎಂಬುದನ್ನೂ ಬರೆಯಿರಿ. ಎರಡನೆಯ ಪ್ರಶ್ನೆಗೆ ಸರಿಯುತ್ತರ ಬರೆದ ಮಗುವಿಗೆ ರಿಜಿಸ್ಟರು ಏಕೆ ಬೇಕೆಂಬುದು ತಿಳಿದಿದೆ ಎಂದೇ ಅರ್ಥ.