ಮೊದಲ ಗಿಡ ನೆರಳಿಲ್ಲದ ಗಲ್ಲಿಗೆ!

ಬೆಂಗಳೂರಿನ ದುಡಿಯುವ ಬಂಧುಗಳೇ,

2024ರ ಏಪ್ರಿಲ್ 28ರಂದು ಈ ಊರಿನ ತಾಪ 38.5 ಡಿಗ್ರಿ ಮುಟ್ಟಿತು. ಲೆಕ್ಕದಲ್ಲಿ ಅದು ಇಡೀ ಊರಿಗೆ ಒಂದೇ. ಆದರೆ ಜಯನಗರ, ಮಲ್ಲೇಶ್ವರದ ಸಾಲುಮರಗಳ ಕೆಳಗಿನ ಬಿಸಿಲೇ ಬೇರೆ, ಶೀಟಿನ ಮನೆಗಳ ಗಲ್ಲಿಯ ಬಿಸಿಲೇ ಬೇರೆ. ದೊಡ್ಡ ಬಡಾವಣೆಯ ರಸ್ತೆಯಲ್ಲಿ ಉದುರಿದ ಎಲೆಯನ್ನು ನಸುಕಿನಲ್ಲಿ ಗುಡಿಸುವ ಪೌರಕಾರ್ಮಿಕ ತಾಯಿ ಮಧ್ಯಾಹ್ನ ಬೆನ್ನು ಚಾಚುವುದು ಕಾದ ಶೀಟಿನಡಿಯಲ್ಲಿ.

ಇದನ್ನು ಅಳೆದು ನೋಡಿದವರಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಂಗಳೂರಿನ ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೆ ತಂಪು. ಡಾಂಬರಿನ ಮೈಯಲ್ಲಂತೂ 27.5 ಡಿಗ್ರಿಯವರೆಗೆ ವ್ಯತ್ಯಾಸ! ತಳ್ಳುಗಾಡಿ ಹಿಡಿದು ದಿನವಿಡೀ ಆ ಡಾಂಬರಿನ ಮೇಲೆ ನಿಲ್ಲುವವರಿಗೆ ಈ ಅಂಕಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಾಲುಮರಗಳು ತಾವಾಗಿ ಹುಟ್ಟಿದವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಸರ್ಕಾರವೇ ಲಕ್ಷಾಂತರ ಸಸಿ ನೆಟ್ಟು ಬೆಳೆಸಿತು. ಹಣ ನಮ್ಮೆಲ್ಲರದು. ನೆರಳಿನಲ್ಲಿ ನಮ್ಮ ಪಾಲೆಲ್ಲಿ?

‘ಮನೆಗೊಂದು ಮರ’ ಎನ್ನುತ್ತಾರೆ. ಹತ್ತಡಿ ಕೋಣೆಯಲ್ಲಿ ಐವರು ಮಲಗುವ ಮನೆಗೆ ಮರ ಎಲ್ಲಿ ನೆಡುವುದು? ಹಕ್ಕುಪತ್ರವಿಲ್ಲದ ಕಡೆ ಇನ್ನೂ ಕಷ್ಟ. ಮರ ನೆರಳು ಕೊಡಲು ಹತ್ತು ವರ್ಷ ಬೇಕು. ನಾಳೆ ಬುಲ್ಡೋಜರ್ ಬರಬಹುದೆಂಬ ಭಯದಲ್ಲಿ ಬದುಕುವವರು ಯಾವ ಧೈರ್ಯದಿಂದ ಸಸಿ ನೆಟ್ಟಾರು? ಆದರೂ ನಮ್ಮ ಹೆಣ್ಣುಮಕ್ಕಳು ಸಿಕ್ಕ ಮೂಲೆಯಲ್ಲಿ ನುಗ್ಗೆ, ಕರಿಬೇವು ಬೆಳೆಸಿದ್ದಾರೆ. ಗಲ್ಲಿಯ ಆ ನುಗ್ಗೆ ಮರ ಸಾರಿಗೂ ಆಗುತ್ತದೆ, ನೆರಳಿಗೂ ಆಗುತ್ತದೆ. ಚರಂಡಿ ಕೆಲಸದವರು ಮೊದಲು ಕಡಿಯುವುದೂ ಅದನ್ನೇ.

ನೀರು, ಚರಂಡಿ, ಬೀದಿದೀಪದಂತೆ ನೆರಳೂ ನಾಗರಿಕ ಸೌಲಭ್ಯ. ಆದ್ದರಿಂದ ನಾವು ಕೇಳುವುದಿಷ್ಟು: ಈ ಮಳೆಗಾಲದ ಸಸಿಗಳು ಮೊದಲು ಕೊಳೆಗೇರಿ, ಸರ್ಕಾರಿ ಶಾಲೆ, ಅಂಗನವಾಡಿ, ಸಂತೆಬೀದಿಗಳಿಗೆ ಬರಲಿ. ಅಗಲವಿದ್ದಲ್ಲಿ ಹೊಂಗೆ, ಬೇವು, ಇಕ್ಕಟ್ಟಿನಲ್ಲಿ ನುಗ್ಗೆ. ಫೋಟೋ ತೆಗೆದು ಹೋದರೆ ಸಾಲದು, ಎರಡು ಬೇಸಿಗೆ ನೀರುಣಿಸುವ ಹೊಣೆಯನ್ನು ಪಾಲಿಕೆ ಹೊರಬೇಕು; ಆ ಕೆಲಸಕ್ಕೆ ಗಲ್ಲಿಯವರನ್ನೇ ಕೂಲಿ ಕೊಟ್ಟು ನೇಮಿಸಬೇಕು. ಬುಡಕ್ಕೆ ಕಾಂಕ್ರೀಟ್ ಸುರಿಯುವುದು ನಿಲ್ಲಬೇಕು. ಹಕ್ಕುಪತ್ರ ಬೇಗ ಸಿಗಬೇಕು, ಯಾಕೆಂದರೆ ನೆಲ ನಮ್ಮದಾದರೆ ಮರ ನಾವೇ ಕಾಯುತ್ತೇವೆ.

ನಿಮ್ಮ ಬೀದಿಯಲ್ಲಿ ಯಾರಾದರೂ ಮರಕ್ಕೆ ಗರಗಸ ಹಚ್ಚಿದರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಕೇಳಲು ನೀವು ಮನೆ ಮಾಲೀಕರಾಗಿರಬೇಕಿಲ್ಲ.

ಮರಗಳಿಗಾಗಿ ಬೀದಿಗಿಳಿಯುವ ಬಡಾವಣೆಯ ಗೆಳೆಯರೇ, ನಿಮ್ಮ ರಸ್ತೆಯ ಮರ ಉಳಿಸಲು ನಾವೂ ಬರುತ್ತೇವೆ. ನಮ್ಮ ಗಲ್ಲಿಗೆ ಮರ ಕೇಳಲು ನೀವೂ ಬನ್ನಿ.

ಈ ಕರಪತ್ರ ಕೊಟ್ಟವರ ಕೈಯಲ್ಲೇ ಅರ್ಜಿಯಿದೆ. ಸಹಿ ಹಾಕಿ, ಬಾರದಿದ್ದರೆ ಹೆಬ್ಬೆಟ್ಟು ಒತ್ತಿ. ವಾರ್ಡ್ ಸಮಿತಿಯ ಮುಂದಿನ ಸಭೆಗೆ ಗಲ್ಲಿಗಲ್ಲಿಯಿಂದ ಎಲ್ಲರೂ ಬನ್ನಿ!